ಒಂದೇ ಹುಂಜ, ಮೂವರು ನೆಂಟರು

ನಮ್ಮ ಮನೆಯಲ್ಲಿ ಅಂಚು ಎತ್ತರವಿರುವ ಒಂದು ಅಲ್ಯೂಮಿನಿಯಂ ತಟ್ಟೆ ಇದೆ. ನನ್ನ ಮದುವೆಯಲ್ಲಿ ಶ್ರೀನಿವಾಸಪುರದ ತವರಿನಿಂದ ಪಾತ್ರೆ ಪಗಡಗಳ ಜೊತೆ ಬಂದದ್ದು. ಅದರ ತಳದಲ್ಲಿ ಈಗ ಒಂದು ಕಪ್ಪು ಉಂಗುರ ಕೂತಿದೆ. ಬೂದಿ, ಹುಣಸೆಹಣ್ಣು, ಅಡಿಗೆ ಸೋಡಾ, ತೆಂಗಿನ ನಾರು, ಟಿವಿಯಲ್ಲಿ ಒಂದೇ ಉಜ್ಜಿಗೆ ಫಳಫಳ ಅನ್ನಿಸುವ ಆ ಹಸಿರು ಸೋಪು, ಯಾವುದಕ್ಕೂ ಅದು ಜಗ್ಗಿಲ್ಲ. ಹಳೆಯ ಸೀರೆ, ತೂತಾದ ಬಿಂದಿಗೆ ಏನು ಸಿಕ್ಕರೂ ಪಾತ್ರೆ ಮಾರುವವನ ಗಾಡಿಗೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಳ್ಳುವ ನಮ್ಮತ್ತೆ ನಾರಾಯಣಮ್ಮ, ಇದೊಂದು ತಟ್ಟೆಯ ಮೇಲೆ ಮಾತ್ರ ಯಾರಿಗೂ ಕೈ ಇಡಲು ಬಿಡುವುದಿಲ್ಲ. "ಅದು ಇರ್ಲಿ ಕಣೇ, ಬೇಕಾಗ್ತದೆ" ಎನ್ನುತ್ತಾರೆ. ಏಕೆ ಬೇಕಾಗುತ್ತದೆ ಎನ್ನುವುದನ್ನು ಹೇಳಬೇಕಾದರೆ ನಿಮಗೆ ಮೊದಲು ಕೋಳಿಯ ಕಾಲಿನ ವಿಚಾರ ಹೇಳಬೇಕು.

ನಮ್ಮ ಸೀಮೆಯಲ್ಲಿ ಕೋಳಿ ಕುಯ್ದರೆ ಅದು ಬರೀ ಅಡುಗೆಯಲ್ಲ, ಒಂದು ರಾಜ್ಯಭಾರ. ಯಾವ ತುಂಡು ಯಾರಿಗೆ ಎಂಬುದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ನಾನು ಹುಟ್ಟಿದ ಮನೆ ಮಾವಿನ ತೋಪಿನ ಪಕ್ಕ. ಆರು ಮಕ್ಕಳು, ಮೇಲೆ ಅಪ್ಪ, ಅಮ್ಮ, ತಾತ. ಭಾನುವಾರಕ್ಕೊಂದು ಕೋಳಿ ಎಂಬ ಶ್ರೀಮಂತಿಕೆಯೇನೂ ಇರಲಿಲ್ಲ, ಹಬ್ಬಕ್ಕೆ ಹುಣ್ಣಿಮೆಗೆ ಒಂದು. ಒಂದು ಕಾಲು ತಾತನಿಗೆ, ಇನ್ನೊಂದು ಅಪ್ಪನಿಗೆ. ಈಲಿ, ಅದೇ ಲಿವರ್, ಕೊನೆಯ ತಮ್ಮನಿಗೆ, ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಊರೆಲ್ಲ ತೋರಿಸಿಕೊಂಡು ಬಂದು ಆಮೇಲೆ ತಿನ್ನುತ್ತಿದ್ದ. ನನಗೆ ರೆಕ್ಕೆ. "ರೆಕ್ಕೆ ತಿಂದ್ರೆ ಬೇಗ ಹಾರ್ಕೊಂಡು ಹೋಗ್ತೀಯ ಗಂಡನ ಮನೆಗೆ" ಎಂದು ತಾತ ರೇಗಿಸುತ್ತಿದ್ದರು. ಅದರಲ್ಲಿ ಚರ್ಮ ಬಿಟ್ಟರೆ ಹಾರುವುದಕ್ಕೆ ಬೇಕಾದಷ್ಟು ಮಾಂಸ ಇರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಎಲ್ಲರದೂ ಆದ ಮೇಲೆ ಅಮ್ಮ ಒಲೆಯ ಮುಂದೆ ಕೂತು ಮಡಕೆಯ ತಳದಲ್ಲಿ ಉಳಿದ ಕತ್ತಿನ ತುಂಡನ್ನು ಮುದ್ದೆಯ ಜೊತೆ ಚೀಪುತ್ತಿದ್ದಳು. ಕತ್ತು ಯಾವಾಗಲೂ ಬಡಿಸಿದವಳಿಗೆ. ಪಾಪ ಅಮ್ಮನಿಗೆ ಬರೀ ಕತ್ತು ಎಂದು ನಾವು ಮಕ್ಕಳು ಒಳಗೊಳಗೇ ಮರುಗುತ್ತಿದ್ದೆವು, ಮರುಗುತ್ತಲೇ ನಮ್ಮ ನಮ್ಮ ತುಂಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆವು.

ಮದುವೆಯಾಗಿ ವೇಮಗಲ್ ಹತ್ತಿರದ ಈ ಊರಿಗೆ ಬಂದರೆ ಇಲ್ಲಿಯೂ ಅದೇ ಕಾಯಿದೆ. ಒಂದು ತಿದ್ದುಪಡಿ ಮಾತ್ರ: ಮನೆಗೆ ಅಳಿಯ ಬಂದರೆ ಮೊದಲ ಕಾಲು ಅಳಿಯನದು. ಅದನ್ನು ಕೇಳುವ ಹಾಗಿಲ್ಲ, ತಪ್ಪಿಸುವ ಹಾಗೂ ಇಲ್ಲ.

ತಪ್ಪಿತು. ಎರಡು ವರ್ಷದ ಹಿಂದೆ, ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡೂಟದಲ್ಲಿ. ನನ್ನ ನಾದಿನಿ ರತ್ನ ಮತ್ತು ಅವಳ ಗಂಡ ಮುನಿರಾಜಣ್ಣ ಮುಳಬಾಗಿಲಿನ ಕಡೆಯ ತಮ್ಮ ಊರಿನಿಂದ ಬಂದಿದ್ದರು. ಹೇಳದೆ ಕೇಳದೆ ನಮ್ಮಪ್ಪನೂ ಬಂದು ಕೂತಿದ್ದರು. ಅತ್ತೆಗೆ ಆಗ ಕಣ್ಣಿನ ಪೊರೆ ಇನ್ನೂ ತೆಗೆಸಿರಲಿಲ್ಲ, ಮೇಲೆ ಹಿತ್ತಿಲ ಒಲೆಯ ಹೊಗೆ. ಸೌಟು ಅದ್ದಿ ತೆಗೆದದ್ದರಲ್ಲಿ ಒಂದು ಕಾಲು ಬೀಗರೆಂದು ನಮ್ಮಪ್ಪನ ಎಲೆಗೆ ಹೋಯಿತು. ಇನ್ನೊಂದು ಅಭ್ಯಾಸಬಲದಿಂದ ಮಗನ ಎಲೆಗೆ ಹೋಯಿತು. ಅಳಿಯನ ಎಲೆಗೆ ಬಿದ್ದದ್ದು ಕತ್ತು.

ಮುನಿರಾಜಣ್ಣ ಆ ಕತ್ತನ್ನು ಎಲೆಯ ಮೂಲೆಗೆ ಸರಿಸಿದರು, ಮುದ್ದೆ ನುಂಗಿದರು, ಕೈ ತೊಳೆದರು, ಬೈಕು ಚಾಲೂ ಮಾಡಿದರು. ರತ್ನ ಊಟಕ್ಕೇ ಕೂತಿರಲಿಲ್ಲ, ಹಾಗೇ ಸೆರಗು ಸುತ್ತಿಕೊಂಡು ಹಿಂದೆ ಹತ್ತಿದಳು. ಅಷ್ಟೇ. ಆಮೇಲೆ ಗೌರಿ ಹಬ್ಬಕ್ಕೆ ಕರೆದರೂ ಅವಳನ್ನು ಕಳುಹಿಸಲಿಲ್ಲ. ಅತ್ತೆ ಬಾಗಿನದ ಮೊರವನ್ನು ಬಟ್ಟೆ ಮುಚ್ಚಿ ಒಂದು ವಾರ ಹಾಗೇ ಇಟ್ಟುಕೊಂಡಿದ್ದರು. ಮಗಳು ಫೋನಿನಲ್ಲಿ ಸಿಗುತ್ತಿದ್ದಳು, ಆದರೆ ಫೋನಿನಲ್ಲಿ ಮಗಳ ತಲೆಗೆ ಎಣ್ಣೆ ಹಚ್ಚುವುದಕ್ಕಾಗುವುದಿಲ್ಲವಲ್ಲ. ಒಂದು ಕಾಲಿಗೋಸ್ಕರ ಮನುಷ್ಯ ಇಷ್ಟು ದೂರ ಹೋಗುತ್ತಾನೆಯೇ ಎಂದು ನೀವು ಕೇಳಬಹುದು. ಕಾಲಿಗೋಸ್ಕರ ಅಲ್ಲ, ಕಾಲು ಎಂದರೆ ಮರ್ಯಾದೆ. ಮರ್ಯಾದೆಗೆ ಎಲುಬು ಇದ್ದರೆ ಅದು ಕೋಳಿ ಕಾಲಿನ ಆಕಾರದಲ್ಲೇ ಇರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಹೀಗಿರುವಾಗ ಕಳೆದ ವರ್ಷ ಮಾವಿನ ಕಾಲದಲ್ಲಿ ಒಂದು ಶನಿವಾರ ಸಂಜೆ ರತ್ನನ ಫೋನು ಬಂತು. ಅವಳ ಮಗಳು ಕಾವ್ಯಳ ಮದುವೆ ಗೊತ್ತಾಗಿದೆ. ಹೆಣ್ಣನ್ನು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ, ಅಂದರೆ ನಮ್ಮ ಯಜಮಾನರು. ಸೋದರಮಾವನನ್ನು ಮನೆಗೆ ಬಂದು ಅರಿಶಿನ ಕುಂಕುಮ ಇಟ್ಟು ಕರೆಯದೆ ವಿಧಿಯಿಲ್ಲ. "ಅತ್ತಿಗೇ, ನಾಳೆ ಬರ್ತಾ ಇದೀವಿ. ಅವ್ರೂ ಬರ್ತಾವ್ರೆ, ಅವ್ರ ದೊಡ್ಡಣ್ಣನೂ ಬರ್ತಾವ್ರೆ. ಈ ಸಲ ಏನೂ ಹೆಚ್ಚುಕಮ್ಮಿ ಆಗ್ದಂಗೆ ನೋಡ್ಕಳ್ರೀ, ನಿಮ್ ಕಾಲಿಗೆ ಬೀಳ್ತೀನಿ" ಎಂದಳು. ಕಾಲು ಎಂಬ ಮಾತು ಕೇಳಿಯೇ ನನ್ನ ಕಣ್ಣು ಹಿತ್ತಿಲ ಕಡೆ ಹೋಯಿತು. ಈ ಸಲವೂ ಕೆಟ್ಟರೆ ಕಾವ್ಯಳನ್ನು ಹಸೆಮಣೆಗೆ ಇನ್ಯಾರೋ ದಾಯಾದಿ ಮಾವ ಕರೆದುಕೊಂಡು ಹೋಗುತ್ತಾನೆ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ ನಮ್ಮ ಯಜಮಾನರು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರಬೇಕಾಗುತ್ತದೆ. ಕೂತಾರೋ, ಹೋಗದೇ ಇದ್ದಾರೋ. ಅತ್ತೆಯ ಗತಿಯೇನು?

ಹಿತ್ತಿಲಲ್ಲಿ ಇದ್ದದ್ದು ಒಂದೇ ಹುಂಜ. ಹೇಟೆ ಕಾವಿಗೆ ಕೂತಿತ್ತು. ಯಜಮಾನರದು ಫ್ಯಾಕ್ಟರಿ ಕೆಲಸ, ತಿಂಗಳ ಕೊನೆ, ಇನ್ನೊಂದು ನಾಟಿ ಕೋಳಿ ಕೊಳ್ಳುವ ಮಾತೇ ಇರಲಿಲ್ಲ. ಪರವಾಗಿಲ್ಲ, ಒಂದು ಕಾಲು ಅಳಿಯನಿಗೆ, ಒಂದು ಅವರ ಅಣ್ಣನಿಗೆ ಎಂದು ಅತ್ತೆ ಲೆಕ್ಕ ಹಾಕಿ ಸಮಾಧಾನದ ಉಸಿರು ಬಿಟ್ಟರು. ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವಷ್ಟರಲ್ಲಿ ನಮ್ಮಪ್ಪನ ಫೋನು.

"ಏಮ್ಮಾ, ತೋಪಲ್ಲಿ ಬಾದಾಮಿ ಹಣ್ಣು ಇಳಿಸಿದ್ರು. ಒಂದು ಬುಟ್ಟಿ ತಗೊಂಡು ನಾಳೆ ಮೊದಲ್ನೇ ಬಸ್ಸಿಗೇ ಬರ್ತೀನಿ. ಊಟಕ್ಕೆ ಅಲ್ಲೇ."

ಬರಬೇಡಿ ಎಂದು ತಂದೆಗೆ ಹೇಗೆ ಹೇಳುವುದು? ಹೇಳಿದರೆ ಹೊಸ ಜಗಳ, ಅದೂ ನನ್ನ ತವರಿನ ಕಡೆಯದು. ಎರಡು ಕಾಲಿನ ಹುಂಜ, ಮೂವರು ನೆಂಟರು. ದೇವರು ಕೋಳಿಗೆ ಕುರಿಯ ಹಾಗೆ ನಾಲ್ಕು ಕಾಲು ಕೊಟ್ಟಿದ್ದರೆ ಈ ಜಿಲ್ಲೆಯಲ್ಲಿ ಎಷ್ಟು ಸಂಸಾರಗಳು ನೆಟ್ಟಗಿರುತ್ತಿದ್ದವೋ. ಅಂಗಡಿಯಿಂದ ಫಾರಂ ಕೋಳಿಯ ಬರೀ ಕಾಲುಗಳನ್ನೇ ತಂದು ಬೆರೆಸೋಣ ಎಂದು ಯಜಮಾನರು ಪಿಸುಗುಟ್ಟಿದರು. ಅತ್ತೆ ಅವರನ್ನು ನೋಡಿದ ನೋಟಕ್ಕೆ ಅವರು ಎದ್ದು ಹಸುವಿಗೆ ನೀರು ಕುಡಿಸಲು ಹೋದರು. ಮುನಿರಾಜಣ್ಣ ಬೆರಳಲ್ಲಿ ಒತ್ತಿದರೆ ಸಾಕು, ಕೋಳಿ ಯಾವ ಜಾತಿಯದು ಎಂದು ಹೇಳಬಲ್ಲವರು.

ಆಗ ಬಾಯಿ ಬಿಟ್ಟವಳು ನನ್ನ ಮಗಳು ಪಲ್ಲವಿ. ಕೋಲಾರದಲ್ಲಿ ಡಿಗ್ರಿ ಓದುತ್ತಾಳೆ, ಓದುವುದಕ್ಕಿಂತ ಹೆಚ್ಚಾಗಿ ಫೋನು ನೋಡುತ್ತಾಳೆ. "ಅಮ್ಮಾ, ಪೈ ಮಾಡೋಣ. ಚಿಕನ್ ಪೈ" ಎಂದಳು. ಯಾವುದೋ ದೇಶದ ಹೆಂಗಸು ಒಂದೇ ಕೋಳಿಯಲ್ಲಿ ಮನೆ ಮಂದಿಗೆಲ್ಲ ಆಗುವಂತೆ, ಅಗ್ಗದಲ್ಲಿ ಅದನ್ನು ಮಾಡುವ ವಿಡಿಯೊ ತೋರಿಸಿದಳು. ಕೋಳಿ ಬೇಯಿಸಿ, ಎಲುಬು ತೆಗೆದು, ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ತರಕಾರಿ ಸೇರಿಸಿ, ಮೈದಾ ಹಿಟ್ಟಿನ ರೊಟ್ಟಿಯೊಳಗೆ ಮುಚ್ಚಿ ಬೇಯಿಸುವುದು. ನಾನು ಬಾಯಿ ತೆರೆದು ನೋಡಿದೆ. ರುಚಿಯ ಯೋಚನೆ ನನಗೆ ಬರಲೇ ಇಲ್ಲ. ಎಲುಬಿಲ್ಲ! ಕಾಲೂ ಇಲ್ಲ, ಕತ್ತೂ ಇಲ್ಲ, ಯಾರ ಪಾಲಿಗೆ ಏನು ಬಂತೆಂದು ಆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಅತ್ತೆ ಒಪ್ಪಲಿಲ್ಲ. "ಬಾಡನ್ನ ಹಿಟ್ಟಲ್ಲಿ ಮುಚ್ಚಿ ಕೊಡೋದಾ? ಏನೋ ಬಚ್ಚಿಡ್ತಾವ್ರೆ ಅನ್ಕಳಲ್ವೇನೇ?" ಎಂದರು. ನಾನು ಗೌರಿ ಹಬ್ಬದ ಮೊರದ ಮಾತು ತೆಗೆದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಅದೇನ್ ಮಾಡ್ತೀರೋ ಮಾಡ್ರಿ, ಬಾಡು ಬಿಡ್ಸೋದು ಮಾತ್ರ ನಾನೇ" ಎಂದರು.

ಭಾನುವಾರ ಬೆಳಿಗ್ಗೆ ನಮ್ಮ ಹಿತ್ತಿಲಲ್ಲಿ ನಡೆದದ್ದನ್ನು ಆ ವಿಡಿಯೊದ ಹೆಂಗಸು ನೋಡಿದ್ದರೆ ಅಡುಗೆ ಬಿಟ್ಟುಬಿಡುತ್ತಿದ್ದಳು. ಹಿಟ್ಟಿಗೆ ತಣ್ಣನೆಯ ಬೆಣ್ಣೆ ಹಾಕಿ, ನಾದದೆ, ಬೆರಳ ತುದಿಯಲ್ಲಿ ಮೆಲ್ಲಗೆ ಸೇರಿಸಿ ಎನ್ನುತ್ತಿದ್ದಳು ಅವಳು. ಹಿಟ್ಟನ್ನು ನಾದಬಾರದು ಎಂಬುದು ನನ್ನ ಕೈಗೆ ಅರ್ಥವಾಗುವ ಮಾತಲ್ಲ. ಬೆಣ್ಣೆ ನಮ್ಮ ಹಸುವಿನದೇ, ಅದಕ್ಕೆ ಕೊರತೆಯಿರಲಿಲ್ಲ. ನಾನು ಬೆಚ್ಚನೆಯ ನೀರು ಹಾಕಿ ಹಿಟ್ಟನ್ನು ನೆಲಕ್ಕೆ ಒತ್ತಿ ಒತ್ತಿ ನಾದಿದೆ. ನನ್ನ ಕೈ ಸೋತಾಗ ಯಜಮಾನರು ಬಂದು ಮುದ್ದೆ ತಿರುವುವ ತೋಳಿನಲ್ಲಿ ಇನ್ನಷ್ಟು ನಾದಿದರು. "ಅಮ್ಮಾ, ನಾದ್ಬೇಡ ಅಂತಾವ್ಳೆ!" ಎಂದು ಪಲ್ಲವಿ ಕೂಗಿಕೊಂಡಳು. "ಅವ್ಳಿಗೇನ್ ಗೊತ್ತು, ನಾದಿದ್ರೇನೇ ಮೆತ್ತಗಾಗೋದು" ಎಂದೆ.

ಒಳಗೆ ತುಂಬುವುದಕ್ಕೆ ಆ ಹೆಂಗಸು ಹಾಲು, ಬೆಣ್ಣೆ, ಕಾಳುಮೆಣಸಿನ ಪುಡಿ ಅಷ್ಟೇ ಹಾಕಿದ್ದಳು. ಅತ್ತೆ ಅದನ್ನು ನೋಡಿ, "ಬಾಣಂತಿಗಾ ಇದು?" ಎಂದು ಧನಿಯಾ, ಚಕ್ಕೆ, ಗಸಗಸೆ ಹುರಿದು, ತೆಂಗಿನಕಾಯಿ ಸೇರಿಸಿ ರುಬ್ಬಿ ಹಾಕಿದರು. ಕೈ ತಡೆಯದೆ ಒಂದು ಚೊಂಬು ನೀರನ್ನೂ ಹಾಕಿದರು. ಒಳ್ಳೆಯ ಘಮಘಮಿಸುವ ಕೋಳಿ ಸಾರಾಯಿತು. ಸಾರನ್ನು ರೊಟ್ಟಿಯೊಳಗೆ ಹೇಗೆ ಮುಚ್ಚುವುದು? ಅದಕ್ಕೆ ಆಲೂಗಡ್ಡೆ, ಹುರುಳಿಕಾಯಿ, ಮಾರ್ಕೆಟ್ಟಿಗೆ ಹಾಕಿ ಉಳಿದ ಟೊಮೆಟೊ, ಕೊನೆಗೆ ಎರಡು ಹಿಡಿ ಹುರಿಗಡಲೆ ಪುಡಿ ಸುರಿದು ಅಂತೂ ಗಟ್ಟಿ ಮಾಡಿದೆವು. ಓವನ್ ಎಂಬುದು ನಮ್ಮಲ್ಲಿಲ್ಲ. ಹಬ್ಬದ ದೊಡ್ಡ ಪಾತ್ರೆಯಲ್ಲಿ ಮರಳು ಹರಡಿ ಒಲೆಯ ಮೇಲಿಟ್ಟು ಕಾಯಿಸಿದೆವು. ನಾನು ಆ ಅಲ್ಯೂಮಿನಿಯಂ ತಟ್ಟೆಗೆ ಹಿಟ್ಟು ಹರಡಿಕೊಟ್ಟೆ, ಅತ್ತೆ ಒಳಗಿನದನ್ನು ತುಂಬಿ ಮೇಲಿನ ರೊಟ್ಟಿ ಮುಚ್ಚಿದರು, ಪಲ್ಲವಿ ಅಂಚು ಮಡಚಿ ಅಲಂಕಾರ ಮಾಡಿದಳು. ಮರಳಿನ ಮೇಲೆ ತಟ್ಟೆ, ಪಾತ್ರೆಗೆ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ಆ ಕಪ್ಪು ಉಂಗುರ ಬಿದ್ದದ್ದು ಆಗಲೇ.

ನೆಂಟರು ಬಂದರು. ನಮ್ಮಪ್ಪ ಮಾವಿನ ಬುಟ್ಟಿ ಇಳಿಸಿ, ಮುನಿರಾಜಣ್ಣನನ್ನು ನೋಡಿ, ಏನೂ ನಡೆದೇ ಇಲ್ಲವೆಂಬಂತೆ "ಬಾಗುನ್ನಾರಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳಿದರು. ಮುನಿರಾಜಣ್ಣ "ಹ್ಞೂ" ಎಂದು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ರತ್ನ ನೇರವಾಗಿ ಹಿತ್ತಿಲಿಗೆ ಬಂದು ತಾಯಿಯನ್ನು ತಬ್ಬಿಕೊಂಡಳು. ಇಬ್ಬರೂ ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡರು.

ಮುಚ್ಚಳ ತೆಗೆದೆ. ಪೈ ಬಂಗಾರದ ಬಣ್ಣಕ್ಕೆ ಬಂದಿತ್ತು. ಮೇಲೆಲ್ಲ ಚುಕ್ಕಿ ರಂಗೋಲಿಯ ಹಾಗೆ ಸಾಲಾಗಿ ಲವಂಗ. ಚೆನ್ನಾಗಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಅತ್ತೆ ನನ್ನ ತೋಳನ್ನು ಹಿಂಡಿದರು.

"ಇಷ್ಟೊಂದು ಲವಂಗ ಯಾರೇ ಚುಚ್ಚಿದ್ದು?"

"ಪಲ್ಲವಿ ಇರ್ಬೇಕು. ಯಾಕತ್ತೆ?"

"ನಾನು ಎರಡೇ ಚುಚ್ಚಿದ್ದೆ ಕಣೇ, ಗುರುತಿಗೆ. ಕಾಲು ಎರಡೂ ಹಂಗೇ ಇಟ್ಟಿದೀನಿ ಒಳಗೆ."

ಅಳಿಯನ ಮುಂದೆ ಎಳೆ ಎಳೆ ಮಾಂಸ ಇಡುವುದಕ್ಕೆ ಅವರ ಮನಸ್ಸು ಒಪ್ಪಿರಲಿಲ್ಲ. ಅಣ್ಣ ತಮ್ಮ ಅಕ್ಕಪಕ್ಕ ಕೂರುತ್ತಾರೆಂದು ಎರಡು ಕಾಲನ್ನೂ ಅಕ್ಕಪಕ್ಕವೇ ಮಲಗಿಸಿ, ಮೇಲೆ ಒಂದೊಂದು ಲವಂಗ ಚುಚ್ಚಿದ್ದರು. "ಮತ್ತೆ ನಮ್ಮಪ್ಪನಿಗೆ?" ಎಂಬ ಮಾತು ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಬಂತು. "ನಿಮ್ಮಪ್ಪ ಹೋದ್ಸಲ ತಿಂದವ್ರಲ್ಲ" ಎಂದರು ಅತ್ತೆ. ಆ ಎರಡು ಲವಂಗಗಳನ್ನು ನೋಡಿ ಅಜ್ಜಿ ಅಲಂಕಾರ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದಾಳೆಂದು ಪಲ್ಲವಿ ಪ್ರೀತಿಯಿಂದ ಪೂರ್ತಿ ಮಾಡಿದ್ದಳು.

ಇನ್ನು ಮಾಡುವುದೇನು? ನಾವು ಒಳಗೆ ಬರುವಷ್ಟರಲ್ಲಿ ಪಲ್ಲವಿ ತಟ್ಟೆಯನ್ನು ನಡುಮನೆಗೆ ಒಯ್ದಾಗಿತ್ತು. ಎಲ್ಲರೂ ಒಟ್ಟಿಗೆ ಕೂತು ಬಿಸಿಯಿರುವಾಗಲೇ ತಿನ್ನಬೇಕು, ಗಂಡಸರು ಮೊದಲು ಹೆಂಗಸರು ಆಮೇಲೆ ಎಂದರೆ ಪೈ ಕೆಡುತ್ತದೆ ಎಂದು ಎಲ್ಲರನ್ನೂ ಸುತ್ತ ಕೂರಿಸಿದ್ದಳು. ಮುನಿರಾಜಣ್ಣನ ದೊಡ್ಡಣ್ಣ ಬಗ್ಗಿ ನೋಡಿ, "ಇದೇಮಿಟಮ್ಮಾ? ಕೋಡಿ ಎಕ್ಕಡ?" ಎಂದರು. "ಕೋಳಿ ಒಳಗಿದೆ ದೊಡ್ಡಪ್ಪಾ" ಎಂದಳು ಪಲ್ಲವಿ.

ಚಾಕು ಇಟ್ಟಳು. ಚಾಕು ಇಳಿಯಲಿಲ್ಲ. ನಾದಿದ ಹಿಟ್ಟು ನಾಡಹೆಂಚಿನಂತಾಗಿತ್ತು. ಮೂವರು ನೆಂಟರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಯಜಮಾನರು ತೆಂಗಿನಕಾಯಿ ಒಡೆಯುವ ಕತ್ತಿ ತಂದು, ಹಿಂಬದಿಯಿಂದ ಒಂದು ಬಿಟ್ಟರು. ಪೈ ಚೂರು ಚೂರಾಗಿ ಒಡೆಯಿತು, ಒಳಗಿನ ಮಸಾಲೆಯ ಘಮ ಮನೆ ತುಂಬಿತು. ಪಲ್ಲವಿ ಸೌಟು ತೆಗೆದುಕೊಂಡಳು. ಹುಟ್ಟುಹಬ್ಬದ ಕೇಕು ಕತ್ತರಿಸಿ ಅಭ್ಯಾಸ ಅವಳಿಗೆ. "ಫಸ್ಟ್ ಪೀಸ್ ಅಜ್ಜಿಗೆ" ಎಂದು ಅತ್ತೆಯ ತಟ್ಟೆಗೆ ಬಡಿಸಿದಳು. ಅದರ ಪಕ್ಕದ್ದನ್ನು ಎತ್ತಿ, "ಇದು ಮದ್ವೆ ಹುಡುಗಿಯ ಅಮ್ಮಂಗೆ" ಎಂದು ರತ್ನನ ತಟ್ಟೆಗೆ ಬಡಿಸಿದಳು.

ಎರಡೂ ತಟ್ಟೆಯಲ್ಲಿ ರೊಟ್ಟಿಯ ಚೂರಿನ ಕೆಳಗಿಂದ ಒಂದೊಂದು ಗುಂಡು ಎಲುಬು ಇಣುಕಿತು.

ರತ್ನ ತನ್ನ ತಟ್ಟೆಯನ್ನು ಗಂಡನ ಕಡೆ ಸರಿಸಿದಳು. ಅತ್ತೆ ತಮ್ಮ ತಟ್ಟೆಯ ಕಾಲನ್ನು ಎತ್ತಿಕೊಂಡು, ಮೊಣಕಾಲಲ್ಲೇ ತೆವಳಿಕೊಂಡು ಅಳಿಯನ ತಟ್ಟೆಯ ಕಡೆ ಹೊರಟರು. ಮುನಿರಾಜಣ್ಣ ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟರು. ಆಯಿತು, ಎಲ್ಲಾ ಮುಗಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

"ಬ್ಯಾಡತ್ತೆ" ಎಂದರು ಮುನಿರಾಜಣ್ಣ. "ಅದು ನಿಮ್ ಪಾಲಿಂದು. ನೀವೇ ತಿನ್ನಿ. ರತ್ನಾ, ನೀನೂ ತಿನ್ನು."

ಆಮೇಲೆ ತಲೆ ತಗ್ಗಿಸಿಕೊಂಡು, "ಅವತ್ತು ಕೋಲಾರ ದಾಟೋಷ್ಟರಲ್ಲೇ ಬೇಜಾರಾಗೋಗಿತ್ತು. ವಾಪಸ್ ಬರಾಣ ಅಂದ್ರೆ ನಾಚ್ಕೆ. ಕಾಲಿಗೋಸ್ಕರ ಎದ್ದೋದ, ಕಾಲಿಗೋಸ್ಕರ ಬಂದ ಅಂತಾರಲ್ಲ" ಎಂದರು. ಅವರ ದೊಡ್ಡಣ್ಣ ತಮ್ಮನ ಬೆನ್ನಿಗೊಂದು ಗುದ್ದಿ, "ಲೇ, ಈ ಮಾತು ಮೊದ್ಲೇ ಹೇಳಿದ್ರೆ ನಾನೇ ಕರ್ಕೊಂಡು ಬರ್ತಿರ್ಲಿಲ್ವೇನ್ಲಾ?" ಎಂದರು. ನಮ್ಮಪ್ಪ ಮಾವಿನ ಹಣ್ಣು ತೊಳೆಯುವ ನೆಪದಲ್ಲಿ ಎದ್ದು ಹೋದರು. ನನಗೆ ಹೋದ ಜೀವ ಬಂದ ಹಾಗಾಯಿತು. ಎಷ್ಟು ಹಗುರಾಯಿತೆಂದರೆ, ಆ ಹೆಂಚಿನಂಥ ರೊಟ್ಟಿಯ ಒಂದು ಚೂರನ್ನು ಕಟಕಟ ಅಗಿದು ನುಂಗಿದೆ, ಅದು ಚೆನ್ನಾಗಿಯೇ ಇತ್ತು.

ಅತ್ತೆ ತಮ್ಮ ಜಾಗಕ್ಕೆ ಮರಳಿ ಕೂತು ಕಾಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಎಷ್ಟು ಕೋಳಿ ಸಾರು ಮಾಡಿದ ಕೈಯೋ ಅದು, ಎಷ್ಟು ಕಾಲುಗಳನ್ನು ಎಷ್ಟು ಜನರ ಎಲೆಗೆ ಬಡಿಸಿತ್ತೋ. ತಮಗೆಂದು ಒಂದನ್ನೂ ಇಟ್ಟುಕೊಂಡದ್ದನ್ನು ನಾನಂತೂ ಕಂಡಿಲ್ಲ. ಒಂದು ಕಚ್ಚು ಕಚ್ಚಿದರು. ನಿಧಾನವಾಗಿ ಅಗಿದರು. ನಾವೆಲ್ಲ ಅವರ ಬಾಯನ್ನೇ ನೋಡುತ್ತಿದ್ದೆವು.

"ಇಷ್ಟೇನಾ?" ಎಂದರು ಅತ್ತೆ.

ಇನ್ನೊಂದು ಕಚ್ಚು ಕಚ್ಚಿದರು.

"ಇಷ್ಟೇನೇನ್ರೋ ಇದ್ರಲ್ಲಿರೋದು? ಬರೀ ಹತ್ತಿ ಅಗ್ದಂಗೈತೆ. ಕತ್ತೇ ಇದಕ್ಕಿಂತ ಎಷ್ಟೋ ರುಚಿ. ಮಜ್ಜೆ ಅದ್ರಲ್ಲೈತೆ, ಸಾರು ಹಿಡ್ಕೊಳೋದು ಅದು." ಅಳಿಯನ ಕಡೆ ತಿರುಗಿದರು. "ಅವತ್ತು ನಿಂಗೆ ಒಳ್ಳೇ ತುಂಡೇ ಹಾಕಿದ್ದೆ ಕಣಪ್ಪಾ. ಮೂಲೆಗೆ ಸರಿಸ್ಬಿಟ್ಟೆ."

ಮುನಿರಾಜಣ್ಣ ಮೊದಲು ನಕ್ಕರು. ಆಮೇಲೆ ಯಾರ ನಗು ಯಾರದೆಂದು ಗೊತ್ತಾಗಲಿಲ್ಲ. ನನಗೆ ಮಾತ್ರ ನಗುತ್ತ ನಗುತ್ತಲೇ, ಒಲೆಯ ಮುಂದೆ ಒಬ್ಬಳೇ ಕೂತು ಕತ್ತು ಚೀಪುತ್ತಿದ್ದ ಅಮ್ಮನ ನೆನಪಾಯಿತು. ನಾವು ಆರು ಮಕ್ಕಳು ಸುಮ್ಮನೆ ಮರುಗುತ್ತಿದ್ದೆವೇನೋ. ಅವಳು ಒಂದು ದಿನವೂ ಗುಟ್ಟು ಬಿಟ್ಟುಕೊಡಲಿಲ್ಲ.

ಕಾವ್ಯಳ ಮದುವೆ ಚೆನ್ನಾಗಿ ನಡೆಯಿತು. ನಮ್ಮ ಯಜಮಾನರು ಅವಳನ್ನು ಹಸೆಮಣೆಗೆ ಕರೆತಂದರು, ಬರುವಾಗ ಕಣ್ಣು ತುಂಬಿಕೊಂಡು ಕಂಬಕ್ಕೆ ಡಿಕ್ಕಿ ಹೊಡೆಯುವುದರಲ್ಲಿದ್ದರು. ಗೌರಿ ಹಬ್ಬಕ್ಕೆ ರತ್ನ ಬಂದಳು, ಅತ್ತೆ ಅವಳ ತಲೆಗೆ ಎರಡು ವರ್ಷದ ಎಣ್ಣೆ ಒಟ್ಟಿಗೆ ಹಚ್ಚಿದರು. ಈ ವರ್ಷದ ಹೊಸತೊಡಕಿಗೆ ಮುನಿರಾಜಣ್ಣ, ಅವರ ದೊಡ್ಡಣ್ಣ, ನಮ್ಮಪ್ಪ ಮೂವರೂ ಮೊದಲೇ ಹೇಳಿ ಬಂದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅತ್ತೆಗೆ ಈಗ ಕಣ್ಣು ಚೆನ್ನಾಗಿ ಕಾಣುತ್ತದೆ, ತುಂಡುಗಳನ್ನೆಲ್ಲ ಒಮ್ಮೆ ಸೌಟಿನಲ್ಲಿ ಎತ್ತಿ ನೋಡಿ ನಿಶ್ಚಿಂತೆಯಿಂದ ಎಲೆ ಹಾಕಿಸಿದರು.

"ಅತ್ತೇ, ನಂಗೆ ಕಾಲು ಬ್ಯಾಡ" ಎಂದರು ಮುನಿರಾಜಣ್ಣ. "ಕತ್ತು ಹಾಕಿ."

"ನಂಗೂ ಅದೇ" ಎಂದರು ಅವರ ದೊಡ್ಡಣ್ಣ.

ನಮ್ಮಪ್ಪನೂ ಕತ್ತಿನ ಆಸೆಗೆ ಮಡಕೆಯ ಕಡೆಗೇ ನೋಡುತ್ತಿದ್ದರು.

ಅತ್ತೆ ಸೌಟನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು. ಕಾಲಾದರೂ ಎರಡಿದ್ದವು, ಕತ್ತು ಒಂದೇ. "ಆ ತಟ್ಟೆ ಎಲ್ಲಿಟ್ಟಿದೀಯೇ?" ಎಂದರು.